ಆತ್ಮರಕ್ಷಣೆಯ ಪಾಠವೂ ಪಾಠವೇ

ಸಮಗ್ರ ಶಿಕ್ಷಾ ಯೋಜನೆಯನ್ವಯ ಸರ್ಕಾರೀ ಶಾಲೆಗಳ ಬಾಲಿಕೆಯರಿಗೆ, ಆರನೆಯ ತರಗತಿಯಿಂದ ಹನ್ನೆರಡನೆಯದರವರೆಗೆ, ಮೂರು ತಿಂಗಳ ಆತ್ಮರಕ್ಷಣಾ ಶಿಕ್ಷಣವನ್ನು ಕೊಡುವ ಏರ್ಪಾಡಿರುವುದನ್ನು ವಾಚಕರು ಬಲ್ಲರು. ಅದಕ್ಕೆ ಝಾನ್ಸಿಯ ರಾಣಿ ಲಕ್ಷ್ಮೀಬಾಯಿಯ ಹೆಸರನ್ನಿಟ್ಟಿರುವುದು ಉಚಿತವಾಗಿಯೇ ಇದೆ. ಹಣ ಮಂಜೂರಾಗುವುದು, ಶಿಕ್ಷಕರು ಬರುವರು, ಹಾಜರಿ ಪುಸ್ತಕವೂ ತುಂಬುವುದು. ಆದರೆ ಆ ಮೂರು ತಿಂಗಳಲ್ಲಿ ಯಾವ ದಿನ ಏನನ್ನು, ಯಾವ ಕ್ರಮದಿಂದ ಕಲಿಸತಕ್ಕದ್ದೆಂಬುದನ್ನು ಮೊದಲೇ ಬರೆದಿಟ್ಟುಕೊಂಡು ಅಂಗಳಕ್ಕಿಳಿಯುವ ಶಿಕ್ಷಕರು ಎಷ್ಟು ಮಂದಿ?

ಈಚೆಗೆ ಒಂದು ಶಾಲೆಯಲ್ಲಿ ಇಂಥ ತರಗತಿಯನ್ನು ನೋಡುವ ಸಂದರ್ಭ ನಮಗೆ ಒದಗಿತು. ನಲವತ್ತು ಮಂದಿ ಬಾಲಿಕೆಯರು ನಾಲ್ಕು ಸಾಲಾಗಿ ನಿಂತಿದ್ದರು. ಶಿಕ್ಷಕರು ಒಂದು, ಎರಡು ಎಂದು ಎಣಿಸುವರು; ಮಕ್ಕಳು ಗಾಳಿಗೆ ಗುದ್ದುವರು. ಮುಕ್ಕಾಲು ಗಂಟೆಯೂ ಇದೇ. ಕಡೆಯ ಸಾಲಿನ ಹುಡುಗಿಯೊಬ್ಬಳನ್ನು "ನಿನ್ನೆ ಏನು ಕಲಿತೆಯಮ್ಮಾ?" ಎಂದು ಕೇಳಿದೆವು. "ಇದನ್ನೇ ಸಾರ್" ಎಂದಳು. "ಯಾರಾದರೂ ಕೈ ಹಿಡಿದುಕೊಂಡರೆ ಏನು ಮಾಡುವೆ?" ಎಂದುದಕ್ಕೆ ಪಕ್ಕದವಳ ಮುಖ ನೋಡಿ ನಕ್ಕಳು. ಅವಳಲ್ಲಿ ನಾವು ತಪ್ಪನ್ನು ಕಾಣಲಿಲ್ಲ.

ಇಂಥ ಬೋಧನೆಯ ಕೊರತೆಯನ್ನು ತನ್ನ ಮೈಮೇಲೆಯೇ ಅನುಭವಿಸಿ, ಅದನ್ನು ನೀಗಿಸಲು ಜನ್ಮವನ್ನೆಲ್ಲ ಸವೆಸಿದವರೊಬ್ಬರ ಚರಿತ್ರೆಯನ್ನು ಇಲ್ಲಿ ಹೇಳಬೇಕು. ಜಪಾನಿನ ಕಾನೋ ಜಿಗೋರೋ 1860ರಲ್ಲಿ ಹುಟ್ಟಿದವರು. ಕೃಶಕಾಯರಾದ ಅವರು 1877ರಲ್ಲಿ ಫುಕುದಾ ಎಂಬ ಗುರುವಿನ ಬಳಿ ಜುಜುತ್ಸು ಕಲಿಯಲು ಸೇರಿದರು. ಒಂದು ದಿನ ಗುರುವು ತನ್ನನ್ನು ಕೆಡವಿದಾಗ, ಆ ಪಟ್ಟಿನಲ್ಲಿ ಕೈ ಹೇಗಿರಬೇಕು, ಕಾಲು ಹೇಗಿರಬೇಕು ಎಂದು ಶಿಷ್ಯ ವಿಚಾರಿಸಿದ. ಗುರುವು ಉತ್ತರ ಹೇಳದೆ ಅವನನ್ನು ಮತ್ತೆ ಮತ್ತೆ ಎತ್ತಿಹಾಕಿದ. ಬೀಳುತ್ತ ಬೀಳುತ್ತ ತಾನಾಗಿಯೇ ತಿಳಿಯುವುದೆಂದು ನಕ್ಕುಬಿಟ್ಟ. ಪ್ರಶ್ನೆ ಕೇಳಿದ್ದು ತಪ್ಪೆಂದು ಆ ತರುಣನಿಗೆ ತೋರಲಿಲ್ಲ.

1882ರಲ್ಲಿ, ಇಪ್ಪತ್ತೊಂದರ ವಯಸ್ಸಿನಲ್ಲಿ, ಕಾನೋ ಅವರು ಟೋಕಿಯೋ ನಗರದ ಒಂದು ಬೌದ್ಧ ದೇವಾಲಯದಲ್ಲಿ ಹನ್ನೆರಡು ಚಾಪೆಗಳ ಜಾಗದಲ್ಲಿ ಒಂಬತ್ತು ಮಂದಿ ಶಿಷ್ಯರೊಡನೆ ಕೊಡೋಕನ್ ಶಾಲೆಯನ್ನು ತೆರೆದರು. ಜೂಡೋ ವಿದ್ಯೆ ಹುಟ್ಟಿದ್ದು ಅಲ್ಲಿ. ಮುಂದೆ ಅವರು ಟೋಕಿಯೋ ಉನ್ನತ ಶಿಕ್ಷಕ ಶಾಲೆಯ ಮುಖ್ಯಸ್ಥರಾಗಿ ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ದುಡಿದರೆಂಬುದನ್ನು ಮರೆಯಲಾಗದು. ಏಕೆಂದರೆ ಅವರು ಜಟ್ಟಿಯಾಗಿದ್ದುದಕ್ಕಿಂತ ಹೆಚ್ಚಾಗಿ ಉಪಾಧ್ಯಾಯರು. ಅವರ ಶಿಕ್ಷಣಕ್ಕೆ ನಾಲ್ಕು ಅಂಗಗಳಿದ್ದುವು: ನಿಯತವಾದ ಪಟ್ಟುಗಳನ್ನು ಕ್ರಮವಾಗಿ ಮಾಡುವುದು, ಜೊತೆಗಾರನೊಡನೆ ಸ್ವೇಚ್ಛೆಯಾಗಿ ಸೆಣಸುವುದು, ಉಪನ್ಯಾಸ, ಮತ್ತು ಪ್ರಶ್ನೋತ್ತರ. ಮೊದಲನೆಯದು ವ್ಯಾಕರಣದಂತೆ, ಎರಡನೆಯದು ಪ್ರಬಂಧರಚನೆಯಂತೆ ಎಂದು ಅವರು ಹೋಲಿಸುತ್ತಿದ್ದರು. ವ್ಯಾಕರಣವನ್ನಷ್ಟೇ ಉರುಹೊಡೆಸಿ ಒಂದು ವಾಕ್ಯವನ್ನೂ ಬರೆಯಿಸದ ಪಂಡಿತರನ್ನು ನಮ್ಮ ಕಾಲದ ಪಾಠಶಾಲೆಯಲ್ಲಿ ನಾವೂ ಕಂಡವರೇ. ಕೊಡೋಕನ್ನಿನಲ್ಲಿ ಮೊದಲು ಕಲಿಯುವುದು ಪೆಟ್ಟಾಗದಂತೆ ಬೀಳುವುದನ್ನು. ಕೆಡವುವ ಪಟ್ಟುಗಳನ್ನು 1895ರಲ್ಲಿ ಐದು ವರ್ಗಗಳಾಗಿ ಜೋಡಿಸಿದರು. 1920ರಲ್ಲಿ ಅದನ್ನೇ ತಿದ್ದಿ, ವರ್ಗಕ್ಕೆ ಎಂಟರಂತೆ ನಲವತ್ತಕ್ಕೆ ನಿಲ್ಲಿಸಿದರು. ಒಂದು ಪಾಠಕ್ರಮವನ್ನು ಸರಿಪಡಿಸಲು ಇಪ್ಪತ್ತೈದು ವರ್ಷ!

ನಮ್ಮ ಗರಡಿಗಳಲ್ಲಿ ಈ ವಿವೇಕ ಇರಲಿಲ್ಲವೆಂದು ಯಾರೂ ಭಾವಿಸಬೇಕಾಗಿಲ್ಲ. ಮಟ್ಟಿಯನ್ನು ಹದಮಾಡುವುದು, ದಂಡ, ಬಸ್ಕಿ, ಗದೆ, ಆ ಮೇಲೆ ಜೋಡಿ ಹಿಡಿದು ಪಟ್ಟು, ಅದಕ್ಕೆ ಮರುಪಟ್ಟು. ಹೀಗೆ ಒಂದು ಬೆಳಗಿನ ಸಾಮಿನಲ್ಲಿ ಎಷ್ಟೋ ವೈವಿಧ್ಯವಿತ್ತು. ಆದರೆ ಉಸ್ತಾದರ ಕ್ರಮವು ಉಸ್ತಾದರ ತಲೆಯಲ್ಲೇ ಇದ್ದು, ಹಲವು ವೇಳೆ ಅವರೊಡನೆಯೇ ಹೋಯಿತು.

ವೈವಿಧ್ಯವೆಂದೊಡನೆ ದಿನಕ್ಕೊಂದು ಹೊಸ ಪಟ್ಟನ್ನು ತೋರಿಸಿ ಮಕ್ಕಳನ್ನು ರಂಜಿಸುವ ಶಿಕ್ಷಕರೂ ಉಂಟು. ಇದು ಮೊದಲಿನದಕ್ಕಿಂತ ಕೆಟ್ಟದ್ದು. ಮೂರು ತಿಂಗಳಾದ ಮೇಲೆ ಮಗುವಿಗೆ ಅರುವತ್ತು ಪಟ್ಟುಗಳ ಹೆಸರು ಬರುವುದು, ಒಂದೂ ಕೈಗೆ ಬಾರದು. ಕಲಿಸುವ ವಿಷಯ ಸ್ವಲ್ಪವಿರಬೇಕು. ಅದನ್ನು ಮಾಡಿಸುವ ಬಗೆ ಹಲವಾಗಿರಬೇಕು. ಮುಂಗೈ ಬಿಡಿಸಿಕೊಳ್ಳುವ ಒಂದೇ ಉಪಾಯವನ್ನು ತೆಗೆದುಕೊಳ್ಳಿ. ಹಿಡಿದವನ ಹೆಬ್ಬೆರಳೂ ಉಳಿದ ಬೆರಳುಗಳೂ ಸಂಧಿಸುವ ಕಡೆಯೇ ಹಿಡಿತವು ಸಡಿಲ; ಆ ಸಂದಿನತ್ತ ಕೈಯನ್ನು ಹೊರಳಿಸಿ ಸೆಳೆದರೆ ಬಿಡುವುದು. ಇದನ್ನು ಹೇಳಲು ಎರಡು ನಿಮಿಷ ಸಾಕು. ಬಳಿಕ ಮೆಲ್ಲಗೆ ಹಿಡಿದ ಗೆಳತಿಯಿಂದ ಬಿಡಿಸಿಕೊಳ್ಳಲಿ. ತರುವಾಯ ಬಲವಾಗಿ ಹಿಡಿದವಳಿಂದ, ತನಗಿಂತ ದಪ್ಪಗಿರುವವಳಿಂದ, ಎಡಗೈಯಿಂದ, ಬೆಂಚಿನ ಮೇಲೆ ಕುಳಿತು, ಹೆಗಲಿಗೆ ಪುಸ್ತಕದ ಚೀಲ ಹಾಕಿಕೊಂಡು, ಕಣ್ಣು ಮುಚ್ಚಿಕೊಂಡು. ಕಡೆಗೆ ಎದುರಾಳಿಯು ಯಾವ ಕೈಯನ್ನು ಯಾವಾಗ ಹಿಡಿಯುವಳೆಂದು ತಿಳಿಸದೆ ಹಿಡಿಯಲಿ. ಬಿಡಿಸಿಕೊಂಡವಳು ಗಟ್ಟಿಯಾಗಿ ಕೂಗಿ ಓಡಲಿ. ಪಾಠ ಒಂದೇ, ಬೇಸರಕ್ಕೆ ಎಡೆಯೆಲ್ಲಿ? ಮರುದಿನ ಮೊದಲ ಹತ್ತು ನಿಮಿಷ ಇದನ್ನೇ ಆಟವಾಗಿ ಆಡಿಸಿ, ಅನಂತರ ಬೀಳುವ ಅಭ್ಯಾಸಕ್ಕೆ ಹೋಗಬಹುದು.

ಎಲ್ಲಕ್ಕಿಂತ ನಮ್ಮಲ್ಲಿ ಲೋಪವಾಗಿರುವುದು ಕಾನೋ ಅವರ ನಾಲ್ಕನೆಯ ಅಂಗ. ಹಿಡಿದವನು ಅಪರಿಚಿತನಲ್ಲದೆ ಬಂಧುವೇ ಆದರೆ ಏನು ಮಾಡುವುದು? ಬಸ್ಸಿನ ಗುಂಪಿನಲ್ಲಿ ಕೂಗಿದರೆ ಜನ ತನ್ನನ್ನೇ ಬಯ್ದರೆ? ಮನೆಯಲ್ಲಿ ಯಾರಿಗೆ ಹೇಳುವುದು? ಬಾಲಿಕೆಯರ ಮನಸ್ಸಿನಲ್ಲಿರುವ ಪ್ರಶ್ನೆಗಳು ಇವು. ಗಾಳಿಗೆ ಗುದ್ದಿದರೆ ಇವಕ್ಕೆ ಉತ್ತರ ಸಿಕ್ಕುವುದಿಲ್ಲ. ವಾರದಲ್ಲಿ ಒಂದು ದಿನ ಅರ್ಧ ಗಂಟೆ ಎಲ್ಲರನ್ನೂ ಸುತ್ತ ಕೂರಿಸಿ, ಶಾಲೆಯ ಉಪಾಧ್ಯಾಯಿನಿಯೊಬ್ಬರ ಸಮ್ಮುಖದಲ್ಲಿ ಕೇಳಗೊಡಬೇಕು. ಬಾಯಿಬಿಟ್ಟು ಕೇಳಲು ಸಂಕೋಚಪಡುವವರು ಚೀಟಿಯಲ್ಲಿ ಬರೆದು ಹಾಕಲಿ.

ಹೆಣ್ಣುಮಕ್ಕಳಿಗೆ ಇಷ್ಟೆಲ್ಲ ಏತಕ್ಕೆ ಎನ್ನುವ ಮಹನೀಯರು ಈಗಲೂ ಇದ್ದಾರೆ. ಕೊಡೋಕನ್ನಿನಲ್ಲಿ ಸ್ತ್ರೀವಿಭಾಗವು 1926ರಲ್ಲೇ ಆರಂಭವಾಯಿತು. ರವೀಂದ್ರನಾಥ ಠಾಕೂರರು 1929ರಲ್ಲಿ ತಕಗಾಕಿ ಎಂಬ ಜಪಾನೀ ಗುರುವನ್ನು ಶಾಂತಿನಿಕೇತನಕ್ಕೆ ಕರೆಸಿ ಬಾಲಿಕೆಯರಿಗೂ ಜೂಡೋ ಕಲಿಸಿದರು. ಪ್ರಶ್ನೆಗೆ ಉತ್ತರಿಸದೆ ನಕ್ಕ ಆ ಫುಕುದಾ ಗುರುವಿನ ಮೊಮ್ಮಗಳು ಕೇಕೋ 1935ರಲ್ಲಿ ಕಾನೋ ಅವರ ಶಿಷ್ಯೆಯಾಗಿ ಸೇರಿ, ತೊಂಬತ್ತು ದಾಟಿದ ಮೇಲೂ ಕಲಿಸುತ್ತಿದ್ದರು.

ವಿದ್ಯಾ ಇಲಾಖೆಯವರಲ್ಲಿ ನಮ್ಮ ಬಿನ್ನಹ ದೊಡ್ಡದೇನೂ ಅಲ್ಲ. ಗಣಿತದ ಉಪಾಧ್ಯಾಯರಿಂದ ಪಾಠಟಿಪ್ಪಣಿಯನ್ನು ಕೇಳುವ ಅಧಿಕಾರಿಗಳು, ಆತ್ಮರಕ್ಷಣೆಯ ಶಿಕ್ಷಕರ ಬಿಲ್ಲಿಗೆ ಸಹಿ ಹಾಕುವುದಕ್ಕೆ ಮುಂಚೆ ಅವರಿಂದಲೂ ಅದನ್ನು ಕೇಳಲಿ. ತಪಾಸಣೆಗೆ ಹೋದಾಗ ಹಾಜರಿ ಪುಸ್ತಕವನ್ನು ನೋಡುವುದರ ಜೊತೆಗೆ, ಕಡೆಯ ಸಾಲಿನ ಹುಡುಗಿಯನ್ನು ಕರೆದು, ಅವಳ ಮುಂಗೈಯನ್ನು ಗೆಳತಿಯೊಬ್ಬಳಿಂದ ಹಿಡಿಸಿ ನೋಡಲಿ.