ಬೇಬಿ ಬೆಂಜ್ ಮತ್ತು ಅದರ ಐದು ಲಿಂಕ್‌ಗಳು

ಪುಣೆಯ ವಾಹನ ಬಿಡಿಭಾಗ ಕಾರ್ಖಾನೆಗಳಲ್ಲಿ ಬೆಳಗಾವಿ, ಹುಬ್ಬಳ್ಳಿ, ವಿಜಯಪುರದ ಕನ್ನಡ ಕಿವಿಗೆ ಬೀಳುತ್ತಲೇ ಇರುತ್ತದೆ. ನಾನು ಅಲ್ಲಿನ ಸಸ್ಪೆನ್ಶನ್ ವಿಭಾಗದವನು. ಈ ಕಸುಬಿನಲ್ಲಿ ನನಗೆ ಅತ್ಯಂತ ಇಷ್ಟವಾದ ಕಾರು ಯಾವುದು ಎಂದರೆ ಮರ್ಸಿಡಿಸ್ ಬೆಂಜ್ 190. ಕಂಪನಿಯೊಳಗಿನ ಹೆಸರು ಡಬ್ಲ್ಯು201. ಜನ ಪ್ರೀತಿಯಿಂದ ಕರೆದದ್ದು 'ಬೇಬಿ ಬೆಂಜ್'.

ಬೆಂಜ್ ಎಂದರೆ ದೊಡ್ಡ ಕಾರು ಎಂಬ ಕಾಲವದು. 1973ರ ತೈಲ ಬಿಕ್ಕಟ್ಟು ಲೆಕ್ಕಾಚಾರವನ್ನೇ ಬದಲಿಸಿತು. 1975ರಲ್ಲಿ ಅಮೆರಿಕ, ಒಂದು ಕಂಪನಿ ಮಾರುವ ಎಲ್ಲ ಕಾರುಗಳ ಸರಾಸರಿ ಮೈಲೇಜ್ ಇಷ್ಟಿರಬೇಕು ಎಂಬ ಕಾನೂನು ತಂದಿತು. ಅದೇ ವರ್ಷ ಬಿಎಂಡಬ್ಲ್ಯು ತನ್ನ 3 ಸರಣಿಯನ್ನು ರಸ್ತೆಗಿಳಿಸಿತು. ಚಿಕ್ಕ ಕಾರು ಮಾಡದೆ ಬೆಂಜ್‌ಗೆ ಗತ್ಯಂತರವಿರಲಿಲ್ಲ. ಆದರೆ ಅದು ಅಗ್ಗದ ಕಾರಿನಂತೆ ವರ್ತಿಸಿದರೆ ಮೂಗಿನ ಮೇಲಿನ ನಕ್ಷತ್ರದ ಬೆಲೆಯೇ ಹೋಗುತ್ತಿತ್ತು.

1982ರ ಡಿಸೆಂಬರ್‌ನಲ್ಲಿ ಬಂದ 190ರ ಉದ್ದ ಸುಮಾರು 4.42 ಮೀಟರ್. ಬ್ರೂನೋ ಸಾಕೋ ಅವರ ನೇತೃತ್ವದಲ್ಲಿ ರೂಪುಗೊಂಡ ಮೈಕಟ್ಟಿಗೆ ಗಾಳಿಯ ತಡೆ ಕಡಿಮೆ. ತೂಕ ಇಳಿಸಲು ಹೆಚ್ಚು ಬಲದ ಉಕ್ಕನ್ನು ಬಳಸಿದರು. ಆದರೆ ನಿಜವಾದ ಕೈಚಳಕ ಹಿಂದಿನ ಚಕ್ರಗಳ ಬಳಿ ಇತ್ತು.

ಬಿಡಿಯಾಗಿರುವ ಯಾವುದೇ ವಸ್ತು ಆರು ರೀತಿಯಲ್ಲಿ ಚಲಿಸಬಲ್ಲದು: ಮೇಲೆ-ಕೆಳಗೆ, ಎಡ-ಬಲ, ಹಿಂದೆ-ಮುಂದೆ ಸರಿಯುವುದು, ಜೊತೆಗೆ ಈ ಮೂರೂ ದಿಕ್ಕಿನ ಸುತ್ತ ತಿರುಗುವುದು. ಚಕ್ರವನ್ನು ಹೊತ್ತ ಹಬ್ ಕ್ಯಾರಿಯರ್ ಹೊಂಡ-ಉಬ್ಬುಗಳಿಗೆ ತಕ್ಕಂತೆ ಮೇಲೆ-ಕೆಳಗೆ ಮಾತ್ರ ಹೋಗಬೇಕು. ಒಂದೊಂದು ಲಿಂಕ್ ಒಂದೊಂದು ಚಲನೆಗೆ ಬೇಲಿ ಹಾಕುತ್ತದೆ. ಅಂದರೆ ಐದು ಬೇಲಿ, ಐದು ಲಿಂಕ್. ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ.

ಆಗಿನ ಸಾಮಾನ್ಯ ವ್ಯವಸ್ಥೆಯಲ್ಲಿ ಒಂದೇ ದಪ್ಪ ತೋಳು ಈ ಎಲ್ಲ ಕೆಲಸ ಮಾಡುತ್ತಿತ್ತು. ಚಕ್ರ ಮೇಲೆ ಕೆಳಗೆ ಹೋದಂತೆ ಅದರ ಕೋನವೂ ಬದಲಾಗುತ್ತಿತ್ತು. ತಿರುವಿನಲ್ಲಿ ಚಾಲಕ ಹೆದರಿ ಆಕ್ಸಿಲರೇಟರ್ ಬಿಟ್ಟು ಬ್ರೇಕ್ ಒತ್ತಿದರೆ ಕಾರಿನ ಹಿಂಭಾಗ ಹೊರಕ್ಕೆ ಜಾರುವ ಭಯ. ಐದು ಲಿಂಕ್‌ಗಳಲ್ಲಿ ಪ್ರತಿಯೊಂದರ ಉದ್ದ, ಕೋನ, ರಬ್ಬರ್ ಬುಷ್‌ನ ಗಡಸುತನವನ್ನು ಬೇರೆಬೇರೆಯಾಗಿ ಹೊಂದಿಸಬಹುದು. ಹೀಗಾಗಿ ಚಕ್ರ ನೆಟ್ಟಗೆ ನಿಲ್ಲುತ್ತದೆ. ಸವಾರಿಯ ಮೆದುತನವೂ ಉಳಿಯುತ್ತದೆ.

ಗಟ್ಟಿತನದ ಪರೀಕ್ಷೆಯೂ ಆಯಿತು. 1983ರ ಆಗಸ್ಟ್‌ನಲ್ಲಿ ಇಟಲಿಯ ನಾರ್ದೋ ವೃತ್ತಪಥದಲ್ಲಿ 190ಇ 2.3-16 ಕಾರು 50,000 ಕಿಲೋಮೀಟರನ್ನು ಗಂಟೆಗೆ ಸರಾಸರಿ 247.9 ಕಿಲೋಮೀಟರ್ ವೇಗದಲ್ಲಿ ಮುಗಿಸಿತು. ಆ ಎಂಜಿನ್‌ನ ಸಿಲಿಂಡರ್ ಹೆಡ್ ಇಂಗ್ಲೆಂಡಿನ ಕಾಸ್ವರ್ತ್ ಕಂಪನಿಯದು. ಮರುವರ್ಷ ಮೇ ತಿಂಗಳಲ್ಲಿ ಹೊಸ ನ್ಯೂರ್ಬರ್ಗ್‌ರಿಂಗ್ ಟ್ರ್ಯಾಕಿನ ಉದ್ಘಾಟನಾ ಓಟ. ಎಲ್ಲರಿಗೂ ಇದೇ ಮಾದರಿಯ ಕಾರು. ನಿಕಿ ಲೌಡಾ ಅವರಂಥ ಚಾಂಪಿಯನ್‌ರನ್ನು ಹಿಂದಿಕ್ಕಿ ಗೆದ್ದವರು 24ರ ಹರೆಯದ ಅಯರ್ಟನ್ ಸೆನ್ನಾ.

1993ರಲ್ಲಿ ಸಿ-ಕ್ಲಾಸ್‌ಗೆ ಜಾಗ ಬಿಡುವ ಹೊತ್ತಿಗೆ ಸುಮಾರು 18.8 ಲಕ್ಷ ಕಾರುಗಳು ತಯಾರಾಗಿದ್ದವು. ಐದು ಲಿಂಕ್‌ಗಳ ವ್ಯವಸ್ಥೆ 1984ರಲ್ಲಿಯೇ ದೊಡ್ಡಣ್ಣ ಡಬ್ಲ್ಯು124ಕ್ಕೂ ಏರಿತ್ತು. 1995ರಲ್ಲಿ ನಮ್ಮ ಪುಣೆಯಲ್ಲಿ ಜೋಡಣೆಗೊಂಡ ಮೊದಲ ಬೆಂಜ್ ಇದೇ ಡಬ್ಲ್ಯು124. ತಮ್ಮನಿಗಾಗಿ ಹೊಲಿಸಿದ ಅಂಗಿಯನ್ನು ಅಣ್ಣ ತೊಟ್ಟ ಹಾಗೆ! 1996ರಿಂದ ಬೆಂಜ್‌ನ ಸಂಶೋಧನಾ ಕೇಂದ್ರವೂ ಬೆಂಗಳೂರಿನಲ್ಲಿದೆ.

ನಮ್ಮಲ್ಲಿ ಚಿಕ್ಕ ಕಾರಿನ ಖರ್ಚು ಉಳಿಸಬೇಕೆಂದರೆ ಕತ್ತರಿ ಮೊದಲು ಬೀಳುವುದು ಕಣ್ಣಿಗೆ ಕಾಣದ ಭಾಗಗಳ ಮೇಲೆ. ಟಚ್‌ಸ್ಕ್ರೀನ್ ಕಾಣುತ್ತದೆ, ಬುಷ್ ಕಾಣುವುದಿಲ್ಲ. ಗಣೇಶ ಹಬ್ಬಕ್ಕೆಂದು ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಖಂಬಾಟಕಿ ಘಾಟ್ ದಾಟಿ ಊರಿಗೆ ಹೋಗುವ ನಮ್ಮವರಲ್ಲಿ ಹೆಚ್ಚಿನವರ ಬಳಿ ಇರುವುದು ಚಿಕ್ಕ ಕಾರೇ. ತಿರುವಿನಲ್ಲಿ ಲಾರಿಯೊಂದು ಎದುರು ನಿಂತಿದ್ದಾಗ ಕಾಪಾಡುವುದು ಕಾಣದ ಆ ಭಾಗಗಳೇ. ಮುಂದಿನ ಸಲ ಕಾರು ಕೊಳ್ಳುವಾಗ ಶೋರೂಮಿನಲ್ಲಿ ಪರದೆ ಎಷ್ಟು ಇಂಚು ಎಂದು ಕೇಳುವ ಮುಂಚೆ ಬ್ರೇಕ್, ಟೈರ್, ಸಸ್ಪೆನ್ಶನ್ ಬಗ್ಗೆ ಕೇಳಿ. ಕೊಳ್ಳುವವರು ಕೇಳಿದರೆ ಮಾತ್ರ ನಮ್ಮಂಥವರ ಡ್ರಾಯಿಂಗ್‌ಗಳ ಮೇಲೆ ಆ ಕತ್ತರಿ ಆಡುವುದು ನಿಲ್ಲುತ್ತದೆ.