ಕಿರುಮೆದುಳು ಯೋಚಿಸುತ್ತಾ?

ಈ ಸಂಚಿಕೆಯಲ್ಲಿ ನಾವು ಮಾತಾಡ್ತಾ ಇರೋದು ಮೆಲ್ಬರ್ನಿನ ಗ್ಲೆನ್ ವೇವರ್ಲಿಯಿಂದ.

ಶಾಲೆಯಲ್ಲಿ ನಾವೆಲ್ಲ ಓದಿದ್ದು ಒಂದೇ ಸಾಲು: ತಲೆಯ ಹಿಂಭಾಗದ ಅನುಮಸ್ತಿಷ್ಕ, ಅಂದರೆ ಸೆರೆಬೆಲ್ಲಮ್ ಅಥವಾ ಕಿರುಮೆದುಳು, ದೇಹದ ಸಮತೋಲನ ಕಾಯುತ್ತದೆ. ಪರೀಕ್ಷೆಗೆ ಅಷ್ಟು ಸಾಕಿತ್ತು. ಆದರೆ ಮಿದುಳಿನ ಸುಮಾರು 8,600 ಕೋಟಿ ನರಕೋಶಗಳಲ್ಲಿ 6,900 ಕೋಟಿ ಇರೋದು ಇಲ್ಲೇ. ತೂಕದಲ್ಲಿ ಮಾತ್ರ ಹತ್ತರಲ್ಲೊಂದು ಪಾಲು. ಬೀಳದೆ ನಿಲ್ಲೋದಕ್ಕೆ ಇಷ್ಟೆಲ್ಲ ಬೇಕಾ?

1998ರಲ್ಲಿ ಬೋಸ್ಟನ್‌ನ ಜೆರೆಮಿ ಶ್ಮಾಮನ್ ಮತ್ತು ಜಾನೆಟ್ ಶೆರ್ಮನ್, ಕಿರುಮೆದುಳಿಗೆ ಹಾನಿಯಾದ 20 ರೋಗಿಗಳ ಬಗ್ಗೆ ಬರೆದರು. ಯೋಜನೆ ಹಾಕೋದು, ಪದ ಹುಡುಕೋದು ಕಷ್ಟವಾಗಿತ್ತು. ಕೆಲವರ ಭಾವನೆಗಳು ಮಂಕಾಗಿದ್ದವು, ಕೆಲವರಿಗೆ ಹಿಡಿತವೇ ತಪ್ಪಿತ್ತು. ಮನೆಯವರ ಕಣ್ಣಿಗೆ ಇದು 'ಸ್ವಭಾವವೇ ಕೆಟ್ಟೋಯ್ತು' ಅಂತ ಕಾಣುತ್ತೆ.

ಸಂಪರ್ಕ ಎಲ್ಲಿದೆ? 2003ರಲ್ಲಿ ಕೆಲ್ಲಿ ಮತ್ತು ಸ್ಟ್ರಿಕ್ ಕೋತಿಗಳಲ್ಲಿ ಅದನ್ನ ಹುಡುಕಿದ್ದು ರೇಬಿಸ್ ವೈರಸ್ ಬಳಸಿ! ಒಂದು ನರಕೋಶದಿಂದ, ಅದಕ್ಕೆ ಸಂದೇಶ ಕಳಿಸುವ ಇನ್ನೊಂದಕ್ಕೆ ಅದು ಹಿಮ್ಮುಖವಾಗಿ ದಾಟುತ್ತೆ. ಯೋಚನೆಗೆ ಬೇಕಾದ ಮುಂದಲೆಯ ಭಾಗದಿಂದ ಹೊರಟ ವೈರಸ್ ಕಿರುಮೆದುಳನ್ನೇ ತಲುಪಿತು.

ನಮಗೆ ಹತ್ತಿರದ ಉದಾಹರಣೆ ಮೊನ್ಯಾಶ್ ವಿಶ್ವವಿದ್ಯಾಲಯದ್ದು. ಅದರ ಕ್ಲೇಟನ್ ಕ್ಯಾಂಪಸ್ ಇಲ್ಲಿಂದ ಕಾರಲ್ಲಿ ಸ್ವಲ್ಪವೇ ದೂರ. ಫ್ರೀಡ್ರೈಕ್ ಅಟಾಕ್ಸಿಯಾ ಅನ್ನೋ ಆನುವಂಶಿಕ ಕಾಯಿಲೆ ಹೆಚ್ಚಾಗಿ ಹದಿವಯಸ್ಸಿಗೆ ಮುಂಚೆ ಅಥವಾ ಆಗಲೇ ಶುರುವಾಗಿ ನಡಿಗೆ ತಪ್ಪಿಸುತ್ತೆ. ಇಂಥವರನ್ನ ಸ್ಕ್ಯಾನರ್‌ನಲ್ಲಿ ಮಲಗಿಸಿ, ಈಗಷ್ಟೇ ನೋಡಿದ್ದನ್ನ ನೆನಪಿಟ್ಟುಕೊಳ್ಳೋ ಕೆಲಸ ಕೊಟ್ಟರು. ಕಿರುಮೆದುಳು ಮತ್ತು ಮುಂದಲೆಯ ನಡುವಿನ ಹೊಂದಾಣಿಕೆ ದುರ್ಬಲವಾಗಿದೆ ಅಂತ 2016ರಲ್ಲಿ ವರದಿಯಾಯಿತು.

ಸ್ಕಿಜೋಫ್ರೀನಿಯಾದಲ್ಲೂ ಇದೇ ದಾರಿಯ ಮೇಲೆ ಕಣ್ಣಿದೆ. 2019ರ ಒಂದು ಅಮೆರಿಕನ್ ಅಧ್ಯಯನದಲ್ಲಿ ಕಿರುಮೆದುಳಿಗೆ ಕಾಂತೀಯ ಪ್ರಚೋದನೆ ಕೊಟ್ಟಾಗ ಈ ಸಂಪರ್ಕ ಸುಧಾರಿಸಿದವರಲ್ಲಿ ನಿರಾಸಕ್ತಿಯಂಥ ಲಕ್ಷಣ ತಗ್ಗಿತು. ರೋಗಿಗಳು ಬೆರಳೆಣಿಕೆಯಷ್ಟೇ, ಇದನ್ನೇ ಚಿಕಿತ್ಸೆ ಅಂತ ಯಾರಾದರೂ ಮಾರಿದರೆ ನಾವಂತೂ ದುಡ್ಡು ಕೊಡಲ್ಲ.

ಕಿರುಮೆದುಳಿನ ಯೋಚನೆ ಅಳೆಯಲು ಹತ್ತು ನಿಮಿಷದೊಳಗಿನ ಪರೀಕ್ಷೆಯೊಂದು 2018ರಲ್ಲಿ ಬಂತು. ಅದರಲ್ಲಿ ಒಂದು ನಿಮಿಷದಲ್ಲಿ ಆದಷ್ಟು ಪ್ರಾಣಿಗಳ ಹೆಸರು ಹೇಳಬೇಕು. ಜೀವನವಿಡೀ 'ಹಸು, ಎಮ್ಮೆ, ಮುಂಗುಸಿ' ಅಂದ ಅಜ್ಜಿಯನ್ನ ಇಂಗ್ಲಿಷ್‌ನಲ್ಲಿ ಕೇಳಿದರೆ ಸಿಗೋ ಅಂಕ ಯಾರದ್ದು, ಕಿರುಮೆದುಳಿನದ್ದೋ ಇಂಗ್ಲಿಷ್‌ನದ್ದೋ? ಸ್ಟ್ರೋಕ್ ಆದ ಅಪ್ಪ-ಅಮ್ಮನನ್ನ ಇಲ್ಲಿನ ಸರ್ಕಾರಿ ಆಸ್ಪತ್ರೆಗೆ ಕರ್ಕೊಂಡು ಹೋಗುವವರು ಕನ್ನಡ ದುಭಾಷಿ ಬೇಕು ಅಂತ ಮುಂಚೆಯೇ ಕೇಳಿ. ನಡಿಗೆ ನೋಡಿ ಮುಗಿಸಿದರೆ, "ಇವರ ಮಾತು, ಕೋಪ ಎರಡೂ ಬದಲಾಗಿದೆ, ಅದನ್ನೂ ಬರ್ಕೊಳ್ಳಿ" ಅಂತ ಹೇಳಿ.