ಬೀಗದ ಕೈ ಕಳೆದರೆ ಬಾಗಿಲು ಒಡೆಯಬೇಕಾಗಿಲ್ಲ

ತಂದೆತಾಯಿ ಇಬ್ಬರೂ ದುಡಿಮೆಗೆ ಹೋಗುವ ಮನೆಗಳಲ್ಲಿ ಬೀಗದ ಕೈ ಮಕ್ಕಳ ಶಾಲಾಚೀಲದಲ್ಲಿರುವುದು ಈಗ ಸಾಮಾನ್ಯ. ಚೀಲವು ಬಸ್ಸಿನಲ್ಲಿ ಉಳಿದುಹೋದರೆ ಬೀಗದ ಕೈಯೊಡನೆ ಗುರುತಿನ ಚೀಟಿಯಲ್ಲಿರುವ ಮನೆಯ ವಿಳಾಸವೂ ಪರರ ಪಾಲಾಗುತ್ತದೆ. ಆಗ ಇನ್ನೊಂದು ಕೈ ಮಾಡಿಸಿಕೊಂಡರೆ ಸಾಲದು; ಕಳೆದುಹೋದ ಕೈಯಿಂದ ಬಾಗಿಲು ತೆರೆಯದಂತೆ ಮಾಡಬೇಕು. ಅದಕ್ಕಾಗಿ ಬಾಗಿಲನ್ನಾಗಲಿ ಇಡೀ ಬೀಗವನ್ನಾಗಲಿ ಬದಲಿಸಬೇಕಾಗಿಲ್ಲ. ಬೀಗದ ಸಿಲಿಂಡರ್ ಒಂದನ್ನೇ ಬದಲಿಸಿದರೆ ಸಾಕು.

ಬಾಗಿಲಿನ ಹಿಡಿಯ ಕೆಳಗೆ ಬೀಗದ ಕೈ ಹಾಕುವ ಹಿತ್ತಾಳೆಯ ಭಾಗವೇ ಸಿಲಿಂಡರ್. ಅದರೊಳಗೆ ಸಾಮಾನ್ಯವಾಗಿ ಐದು ಅಥವಾ ಆರು ಜೊತೆ ಸಣ್ಣ ಕಡ್ಡಿಗಳು ಸ್ಪ್ರಿಂಗಿನ ಒತ್ತಡದಲ್ಲಿ ನಿಂತಿರುತ್ತವೆ. ಸರಿಯಾದ ಕೈ ಒಳಹೊಕ್ಕಾಗ ಅದರ ಹಲ್ಲುಗಳು ಆ ಕಡ್ಡಿಗಳನ್ನು ಒಂದೇ ಮಟ್ಟಕ್ಕೆ ತರುತ್ತವೆ. ಆಗ ಒಳಗಿನ ಉರುಳೆ ತಿರುಗುತ್ತದೆ. ಅಮೆರಿಕದ ಲೈನಸ್ ಯೇಲ್ ಜೂನಿಯರ್ 1861ರಲ್ಲಿ ಹಕ್ಕುಪತ್ರ ಪಡೆದ ವಿನ್ಯಾಸದ ತತ್ತ್ವವೇ ಇಂದಿಗೂ ನಮ್ಮ ಬಾಗಿಲುಗಳಲ್ಲಿದೆ. ಉರುಳೆಯೊಡನೆ ಸಿಲಿಂಡರಿನ ನಡುವಣ ನಾಲಗೆಯೂ ತಿರುಗಿ ಬೀಗದ ಅಗುಳಿಯನ್ನು ಸರಿಸುತ್ತದೆ. ತೊಲೆಬಾಗಿಲಿನ ಹಳೆಯ ದೊಡ್ಡ ಕೈಯ ಬೀಗಕ್ಕೂ ತೂಗುಬೀಗಕ್ಕೂ ಈ ಕ್ರಮ ಅನ್ವಯಿಸುವುದಿಲ್ಲ.

ಬಾಗಿಲು ತೆರೆದಿದ್ದರೆ ಅದರ ಅಂಚನ್ನು ನೋಡಿರಿ. ಬೀಗದ ಕೈಯ ರಂಧ್ರದ ಮಟ್ಟದಲ್ಲಿ ಒಂದು ಉದ್ದನೆಯ ಸ್ಕ್ರೂ ಇರುತ್ತದೆ. ಸಿಲಿಂಡರನ್ನು ಹಿಡಿದಿರುವುದು ಅದೊಂದೇ. ಆದರೆ ಅದನ್ನು ಬಿಚ್ಚಿದ ಮಾತ್ರಕ್ಕೆ ಸಿಲಿಂಡರ್ ಹೊರಬರುವುದಿಲ್ಲ. ಕೈ ಇಲ್ಲದಾಗ ನಾಲಗೆ ಪಕ್ಕಕ್ಕೆ ಚಾಚಿ ಅಡ್ಡಿಯಾಗುವಂತೆ ಅದನ್ನು ರೂಪಿಸಿದ್ದಾರೆ. ಒಳಬದಿಯಲ್ಲಿ ತಿರುಗುಗುಂಡಿ ಇದ್ದರೆ ಕೆಲಸ ಸುಲಭ. ಗುಂಡಿಯನ್ನು ತುಸುತುಸುವೇ ತಿರುಗಿಸುತ್ತ ಸಿಲಿಂಡರನ್ನು ಮೆಲ್ಲನೆ ಎಳೆಯಿರಿ. ನಾಲಗೆ ಒಳಸರಿದ ಕ್ಷಣದಲ್ಲಿ ಅದು ಜಾರಿ ಬರುತ್ತದೆ. ಸುತ್ತಿಗೆಯಿಂದ ಹೊಡೆಯಬಾರದು, ಒಳಗಿನ ಪೆಟ್ಟಿಗೆ ಬಾಗಿದರೆ ಇಡೀ ಬೀಗವನ್ನೇ ಕೊಳ್ಳಬೇಕಾದೀತು.

ಎರಡೂ ಬದಿಗೆ ಕೈ ಬೇಕಾಗುವ ಬೀಗವಾದರೆ, ಅಥವಾ ಬಾಗಿಲು ಮುಚ್ಚಿ ಬೀಗ ಬಿದ್ದಿದ್ದರೆ, ಬೀಗ ರಿಪೇರಿಯವರನ್ನು ಕರೆಯುವುದೇ ಲೇಸು. ಅವರು ಮೊದಲು ಸಣ್ಣ ಸಲಕರಣೆಗಳಿಂದ ಕಡ್ಡಿಗಳನ್ನು ಎತ್ತಿ ತೆರೆಯಲು ಯತ್ನಿಸುತ್ತಾರೆ. ಅದಾಗದಿದ್ದರೆ ಡ್ರಿಲ್‌ನಿಂದ ಕಡ್ಡಿಗಳನ್ನು ಕೊರೆದು ಉರುಳೆಯನ್ನು ತಿರುಗಿಸುತ್ತಾರೆ. ಸಿಲಿಂಡರ್ ಹಾಳಾಗುತ್ತದೆ, ಬಾಗಿಲು ಉಳಿಯುತ್ತದೆ. ಲೋಹದ ಚೂರು ಸಿಡಿಯುವುದರಿಂದ ಮಕ್ಕಳನ್ನು ದೂರವಿರಿಸಬೇಕು. ಮನೆ ನಿಮ್ಮದೆಂಬುದಕ್ಕೆ ದಾಖಲೆ ಕೇಳಿದರೆ ಬೇಸರಿಸಬೇಡಿರಿ, ಕೇಳುವವನೇ ನಂಬಿಕಸ್ಥ. ಬಾಡಿಗೆ ಮನೆಯಾದರೆ ಮಾಲೀಕರಿಗೆ ಮೊದಲೇ ತಿಳಿಸಬೇಕು.

ಹಳೆಯ ಸಿಲಿಂಡರನ್ನು ಅಂಗಡಿಗೆ ಕೊಂಡೊಯ್ಯುವುದು ಉತ್ತಮ. ಸ್ಕ್ರೂ ರಂಧ್ರದ ನಡುವಿನಿಂದ ಎರಡೂ ತುದಿಗಳಿಗೆ ಬೇರೆಬೇರೆಯಾಗಿ ಅಳೆಯಿರಿ. 30 ಮತ್ತು 30 ಮಿಲಿಮೀಟರ್ ಆದರೆ 60ರ ಸಿಲಿಂಡರ್; 30 ಮತ್ತು 40 ಆದರೆ ಒಟ್ಟು 70. ಒಟ್ಟು ಅಳತೆಯೊಂದನ್ನೇ ಹೇಳಿದರೆ 35–35ರದು ಕೈಗೆ ಬಂದೀತು. ಬಾಗಿಲಿನ ಹೊರತಟ್ಟೆಯಿಂದ ಸಿಲಿಂಡರ್ 3 ಮಿಲಿಮೀಟರಿಗಿಂತ ಹೆಚ್ಚು ಹೊರಚಾಚಿರಬಾರದು. ಚಾಚಿದ್ದರೆ ಕಳ್ಳರಿಗೆ ಹಿಡಿದು ಮುರಿಯಲು ಅನುಕೂಲವಾಗುತ್ತದೆ.

ಅಂಗಡಿಯ ಮಾತಿನಲ್ಲಿಯೂ ಎಚ್ಚರ ಬೇಕು. ಮಲೆಯಾಳದಲ್ಲಿ ಬೀಗ ‘ಪೂಟ್ಟು’, ಕೈ ‘ತಾಕ್ಕೋಲು’. ತಮಿಳಿನಲ್ಲಿ ‘ಪೂಟ್ಟು’, ‘ಸಾವಿ’. ತೆಲುಗಿನಲ್ಲಿ ‘ತಾಳಂ’, ‘ತಾಳಂಚೆವಿ’. ಸೊಲ್ಲಾಪುರ, ಜತ್ತದ ಕಡೆಯ ತೊಡಕು ಇನ್ನೊಂದು ಬಗೆಯದು. ನಮ್ಮ ಉತ್ತರದ ಕನ್ನಡದಲ್ಲಿ ‘ಕೀಲಿ’ ಎಂದರೆ ಬೀಗ, ಮರಾಠಿಯಲ್ಲಿ ‘ಕಿಲ್ಲಿ’ ಎಂದರೆ ಬೀಗದ ಕೈ; ಅಲ್ಲಿ ಬೀಗಕ್ಕೆ ‘ಕುಲೂಪ’ ಎನ್ನಬೇಕು. ಬರಿಯ ‘ಸಿಲಿಂಡರ್’ ಎಂದರೆ ಅಡುಗೆ ಅನಿಲದ ನೆನಪಾದೀತು. ಬೀಗದ್ದೆಂದು ಸೇರಿಸಿ ಹೇಳಿರಿ. ಮಕ್ಕಳು ನೆರೆಭಾಷೆಯ ಈ ಮಾತುಗಳನ್ನು ಕಲಿತರೆ ಅವರ ಕನ್ನಡಕ್ಕೆ ಕುಂದೇನೂ ಇಲ್ಲ.

ಹೊಸ ಸಿಲಿಂಡರಿಗೆ ಅದರ ಕೈ ಹಾಕಿ, ನಾಲಗೆ ಒಡಲಿನ ನೇರಕ್ಕೆ ಬರುವಷ್ಟು ತಿರುಗಿಸಿ ಒಳಸೇರಿಸಬೇಕು. ಸ್ಕ್ರೂ ಅತಿಯಾಗಿ ಬಿಗಿದರೆ ಉರುಳೆ ಸಿಕ್ಕಿಕೊಳ್ಳುತ್ತದೆ. ಬಾಗಿಲು ತೆರೆದಿರುವಾಗಲೇ ಎರಡೂ ಬದಿಯಿಂದ ಹಲವು ಸಲ ಪರೀಕ್ಷಿಸಿ, ಬಳಿಕ ಮುಚ್ಚಿರಿ. ಬಿಗಿಯಾದರೆ ಕೊಬ್ಬರಿ ಎಣ್ಣೆ ಬಿಡುವ ರೂಢಿ ಕರಾವಳಿಯಲ್ಲಿದೆ. ಎಣ್ಣೆಗೆ ಧೂಳು ಅಂಟುವುದರಿಂದ ಗ್ರಾಫೈಟ್ ಪುಡಿಯೇ ಯೋಗ್ಯ.

ಕೊನೆಯದಾಗಿ ಪೋಷಕರಲ್ಲಿ ನಮ್ಮ ವಿನಂತಿ: ಬೀಗದ ಕೈಗೆ ಹೆಸರು, ವಿಳಾಸದ ಚೀಟಿ ಕಟ್ಟಬೇಡಿರಿ, ಗುರುತಿನ ಚೀಟಿಯಿರುವ ಚೀಲದಲ್ಲಿ ಅದನ್ನು ಇರಿಸದೆ ಮಗುವಿನ ಉಡುಪಿನ ಒಳಜೇಬಿಗೆ ದಾರದಿಂದ ಕಟ್ಟಿರಿ, ಒಂದು ಕೈ ನಂಬಿಕೆಯ ನೆರೆಮನೆಯಲ್ಲಿರಲಿ. ಕಳೆದುಹೋದುದನ್ನು ಮಗು ಅಂದೇ ಹೇಳಬೇಕಾದರೆ ಗದರಿಕೆಯ ಭಯ ಅದಕ್ಕಿರಬಾರದು. ಹೆದರಿ ಮುಚ್ಚಿಟ್ಟ ಎರಡು ದಿನಗಳಲ್ಲಿಯೇ ಮನೆಗೆ ನಿಜವಾದ ಅಪಾಯವಿರುವುದು.